ನಾಯಕನಿಗೆ ಹಾಕಿದ ಎಲೆ

ಹೊಳೆಯ ದಂಡೆಯ ಮೇಲೆ ಒಬ್ಬ ಗುರುವಿದ್ದರು. ವೇದಾಂತ ಹೇಳುವವರಲ್ಲ, ಪ್ರೇಮ ಕಾದಂಬರಿ ಬರೆಯುವವರು. ಹೆಸರು ಸುಭದ್ರಮ್ಮ.

ಒಂದು ಕಾಲಕ್ಕೆ ಅವರ ಪುಸ್ತಕವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗದ ಹುಡುಗಿಯರೇ ಇರಲಿಲ್ಲವಂತೆ. ಸುಭದ್ರಮ್ಮನವರ ಮನೆಯಲ್ಲಿ ಮಾತ್ರ ಇದ್ದದ್ದು ಒಂದೇ ತಲೆದಿಂಬು.

ಅವರ ಬಳಿ ಶಾಂಭವಿ ಎಂಬ ಶಿಷ್ಯೆ ಬರವಣಿಗೆ ಕಲಿಯುತ್ತಿದ್ದಳು. ಅವಳ ಮೊದಲ ಕಾದಂಬರಿ ಕೊನೆಯ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿತ್ತು. ನಾಯಕಿ ನಂದಿತಾಳನ್ನು ಬಿಟ್ಟುಹೋದ ನಿಶಾಂತ ಎಷ್ಟೋ ವರ್ಷಗಳ ಮೇಲೆ ತಿರುಗಿ ಬರಬೇಕು, ಇಬ್ಬರೂ ಒಂದಾಗಬೇಕು. ಪ್ರೇಮ ಕಾದಂಬರಿ ಎಂದಮೇಲೆ ಅಷ್ಟಾದರೂ ಆಗಬೇಡವೇ?

ಶಾಂಭವಿ ಬರೆದಳು, ಹರಿದಳು, ಮತ್ತೆ ಬರೆದಳು. ನಿಶಾಂತ ಪ್ರತಿಸಲವೂ ಬಂದ, ಕಣ್ಣೀರಿಟ್ಟ, ಕೈ ಹಿಡಿದ. ಅಧ್ಯಾಯ ಮಾತ್ರ ತಂಗಳನ್ನದ ಹಾಗೆ ತಣ್ಣಗೇ ಇತ್ತು.

ಕೊನೆಗೆ ಹಸ್ತಪ್ರತಿಯನ್ನು ತಂದು ಗುರುಗಳ ಮುಂದಿಟ್ಟಳು.

"ಇದೊಂದು ಮುಗೀದೇ ಹೋದ್ರೆ ನಾನು ಬರೆಯೋದನ್ನೇ ಬಿಟ್ಟುಬಿಡ್ತೀನಿ ಅಮ್ಮ. ಅದನ್ನೂ ಬಿಟ್ರೆ ನನಗೆ ಉಳಿಯೋದು ಏನೂ ಇಲ್ಲ."

ಸುಭದ್ರಮ್ಮ ಸಂಜೆಯವರೆಗೆ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ನಾಳೆ ಅವನನ್ನ ಊಟಕ್ಕೆ ಕರಿ."

"ಯಾರನ್ನ?"

"ನಿನ್ನ ನಿಶಾಂತನನ್ನ. ಅಷ್ಟು ದೂರದಿಂದ ಬಂದಿದ್ದಾನೆ, ಬರಿ ಹೊಟ್ಟೇಲಿ ಕಳಿಸ್ತೀಯಾ? ಅಡುಗೆ ನೀನೇ ಮಾಡು."

ಶಾಂಭವಿ ನಗಲು ನೋಡಿದಳು. ಗುರುಗಳು ನಗಲಿಲ್ಲ.

ಮಾರನೆಯ ದಿನ ಅವಳು ಬೆಳಿಗ್ಗೆಯೇ ಗುರುಗಳ ಮನೆಯಲ್ಲಿ ಒಲೆ ಹಚ್ಚಿದಳು. ಹುಳಿ, ಪಲ್ಯ, ಕೋಸಂಬರಿ, ಕೊನೆಗೊಂದು ಗಸಗಸೆ ಪಾಯಸ. ನಡುಮನೆಯಲ್ಲಿ ಮಣೆ ಹಾಕಿ, ಕುಡಿಬಾಳೆ ಎಲೆಗೆ ನೀರು ಚಿಮುಕಿಸಿ, ಉಪ್ಪಿನಿಂದ ಹಿಡಿದು ಒಂದೊಂದಾಗಿ ಬಡಿಸಿದಳು. ಖಾಲಿ ಮಣೆಯ ಮುಂದೆ ಬಗ್ಗಿ ಬಡಿಸುವಾಗ ಮೊದಲು ನಾಚಿಕೆಯಾಯಿತು. ಆಮೇಲೆ ಅದು ಮರೆತೇಹೋಯಿತು.

ಸುಭದ್ರಮ್ಮ ಹೊಸ್ತಿಲ ಬಳಿ ಕೂತು ನೋಡುತ್ತಿದ್ದರು.

"ಹುಳಿಗೆ ಬದನೆಕಾಯಿ ಹಾಕಿಲ್ಲ? ಬುಟ್ಟಿ ತುಂಬ ಇತ್ತಲ್ಲ."

"ಅವರಿಗೆ ಬದನೆಕಾಯಿ ಆಗಿಬರಲ್ಲಮ್ಮ. ತಿಂದ್ರೆ ಮೈಯೆಲ್ಲ ನವೆ."

"ಹಾಗಂತ ಯಾವ ಅಧ್ಯಾಯದಲ್ಲಿ ಬರೆದಿದ್ದೀಯ?"

ಸೌಟು ಹಿಡಿದ ಕೈ ಅಲ್ಲೇ ನಿಂತಿತು.

ಯಾವ ಅಧ್ಯಾಯದಲ್ಲೂ ಇರಲಿಲ್ಲ. ಬದನೆಕಾಯಿ ಆಗದಿದ್ದದ್ದು ಶ್ರೀಕರನಿಗೆ. ಭಾನುವಾರ ಬಂತೆಂದರೆ ಅವಳ ಮನೆಗೆ ಊಟಕ್ಕೆ ಬರುತ್ತಿದ್ದವನು, ಮದುವೆಯಾಗುತ್ತೇನೆಂದು ನಂಬಿಸಿದವನು, ಕಡೆಗೊಂದು ಮಾತೂ ಹೇಳದೆ ಬೇರೊಬ್ಬಳ ಕೈ ಹಿಡಿದವನು. ಶಾಂಭವಿ ಈ ಹೆಸರನ್ನು ಗುರುಗಳ ಎದುರು ಒಮ್ಮೆಯೂ ಎತ್ತಿರಲಿಲ್ಲ.

"ಅವನ ಊಟ ಬೇರೆ ಮನೆಯಲ್ಲಿ ಆಗ್ತಿದೆ, ಮಗು," ಎಂದರು ಸುಭದ್ರಮ್ಮ.

ಶಾಂಭವಿ ಅತ್ತಳು. ಎಷ್ಟೋ ದಿನಗಳಿಂದ ನಂದಿತಾಳನ್ನು ಅಳಿಸಿದ್ದಳು, ತಾನು ಅತ್ತಿರಲಿಲ್ಲ. ಹೊರಗೆ ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

ಅತ್ತು ಮುಗಿದ ಮೇಲೆ ಎಲೆ ಎತ್ತಲು ಬಗ್ಗಿದಳು.

"ನಾಯಕ ಅಂತ ಬೇರೆ ಯಾರನ್ನ ಕರೀಲಿ? ನನಗೆ ಇನ್ಯಾರೂ ಗೊತ್ತಿಲ್ಲ."

"ಎಲೆ ಎತ್ತಬೇಡ. ನಂದಿತಾಳ ಎಲೆ ಎಲ್ಲಿ?"

"ಅವಳು ಆಮೇಲೆ ಉಣ್ತಾಳೆ."

"ಆಮೇಲೆ ಅಂದ್ರೆ?"

"ಅವಳೂ ಕೂತುಬಿಟ್ರೆ ಬಡಿಸೋರು ಯಾರಮ್ಮ?"

ಸುಭದ್ರಮ್ಮ ಹಸ್ತಪ್ರತಿಯನ್ನು ತೊಡೆಯ ಮೇಲೆ ಎಳೆದುಕೊಂಡು ಹಾಳೆ ತಿರುವಿದರು.

"ಇಲ್ಲಿ ಅವನ ರೈಲು ತಡವಾಯ್ತು ಅಂತ ಕಾದಳು. ಇಲ್ಲಿ ಹಬ್ಬದ ದಿನ ಎಲ್ಲರಿಗೂ ಬಡಿಸಿದಳು. ಇಲ್ಲಿ ಅವನ ಕಾಗದ ಬರಲಿಲ್ಲ ಅಂತ ತಟ್ಟೆ ಸರಿಸಿ ಎದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಪ್ರತಿ ಅಧ್ಯಾಯದಲ್ಲೂ ಮುಡಿದಿದ್ದಾಳೆ, ಒಂದರಲ್ಲೂ ಉಂಡಿಲ್ಲ."

ಶಾಂಭವಿ ಯಾವತ್ತೂ ಕೇಳಲು ಧೈರ್ಯವಾಗದಿದ್ದ ಮಾತನ್ನು ಕೇಳಿದಳು.

"ನಿಮ್ಮ ನಾಯಕರು ಊಟಕ್ಕೆ ಬರ್ತಿದ್ರಾ, ಅಮ್ಮ?"

"ನಾನೂ ನಿನ್ನ ಹಾಗೇ ಒಂದೇ ಎಲೆ ಹಾಕಿ ಕಾಯ್ತಿದ್ದೆ. ಯಾರೂ ಬರಲಿಲ್ಲ. ಬಡಿಸಿದ್ದೆಲ್ಲ ಹೊಳೆಯ ಮೀನಿಗಾಯ್ತು." ಸುಭದ್ರಮ್ಮ ಸ್ವಲ್ಪ ನಕ್ಕರು. "ಮೀನು ಚೆನ್ನಾಗಿ ಕೊಬ್ಬಿದವು. ಒಂದು ದಿನ ಹಸಿವು ತಡೀಲಾರದೆ ಆ ಎಲೆಗೆ ನಾನೇ ಕೂತುಬಿಟ್ಟೆ."

"ಕೂತು?"

"ಎದುರಿಗೆ ನೋಡಿದೆ. ಅವತ್ತು ನನ್ನ ಮೊದಲ ಕಾದಂಬರಿ ಮುಗೀತು."

ಅವರು ಗೋಡೆ ಹಿಡಿದು ಎದ್ದರು. ಇನ್ನೊಂದು ಎಲೆ ತಂದು ಮೊದಲನೆಯದರ ಎದುರಿಗೆ ಹಾಸಿದರು. ಅದಕ್ಕೆ ಏನನ್ನೂ ಬಡಿಸಲಿಲ್ಲ.

"ನಿಶಾಂತನ ಮಣೆ ಮೇಲೆ ಕೂತ್ಕೋ."

ಶಾಂಭವಿ ಕೂತಳು. ತನ್ನ ಕೈಯಾರೆ ಬಡಿಸಿದ ಎಲೆಯ ಮುಂದೆ ಅವಳು ಹಾಗೆ ಕೂತದ್ದು ಅದೇ ಮೊದಲು.

"ಎದುರಿಗೆ ಯಾರಿದ್ದಾರೆ?"

"ಯಾರೂ ಇಲ್ಲಮ್ಮ."

"ಅವನು ಹಾಗೇ ಅಂದುಕೊಂಡೇ ಎದ್ದುಹೋದದ್ದು. ನೀನು ಸರಿಯಾಗಿ ನೋಡು."

ಶಾಂಭವಿ ನೋಡಿದಳು. ಹುಳಿಯ ಮೇಲಿನ ಹಬೆ ಆರಿತು. ಬಾಗಿಲ ಬಿಸಿಲು ಖಾಲಿ ಎಲೆಯ ತುದಿಗೆ ಬಂದು ಮುಟ್ಟಿತು.

"ಇದ್ದಾಳೆ," ಎಂದಳು ಮೆಲ್ಲಗೆ. "ಎಲೆ ಮುಂದೆ ಅಲ್ಲ. ಅದರ ಹಿಂದೆ ನಿಂತಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೌಟು ಹಿಡ್ಕೊಂಡು."

"ಹೇಗಿದ್ದಾಳೆ?"

ಶಾಂಭವಿ ಎಲೆಯ ಮೇಲಿಂದ ಮುಂದಕ್ಕೆ ಬಗ್ಗಿ ನೋಡಿದಳು.

"ಕಾಲು ನೋಯ್ತಿದೆ ಅವಳಿಗೆ. ಹಸಿದಿದ್ದಾಳೆ. ತುಂಬಾ ದಿನದಿಂದ ಒಬ್ಬಳೇ ಇದ್ದಾಳೆ, ಅಮ್ಮ. ನಿಶಾಂತ ಈಗ ಏನು ಹೇಳಬೇಕು?"

ಸುಭದ್ರಮ್ಮ ಪಾಯಸದ ಪಾತ್ರೆಯನ್ನು ತಂದು ಎರಡು ಎಲೆಗಳ ನಡುವೆ ಇಟ್ಟರು.

"'ಕೂತ್ಕೋ' ಅನ್ನಲಿ. ಇಷ್ಟು ವರ್ಷದಲ್ಲಿ ಆ ಮಾತನ್ನ ಅವಳಿಗೆ ಯಾರೂ ಹೇಳಿಲ್ಲ."