ತೆರೆಯದ ಕೊನೆಯ ಬಾಗಿಲು

ಇದನ್ನು ನನಗೆ ಮೊದಲು ಹೇಳಿದವರು ಇಗರ್ಜಿಯ ಗಂಟೆ ಬಾರಿಸುತ್ತಿದ್ದ ಬೊನಿಫಾಸ್ ಮಾಮ.

ಸೆರಾಫಿನ್ ಅಜ್ಜಿ ಮೊಮ್ಮಕ್ಕಳಿಗೆಂದು ರಟ್ಟಿನ ಕ್ರಿಸ್ಮಸ್ ಕ್ಯಾಲೆಂಡರ್ ಮಾಡಿದ್ದಳು. ಅದರ ತುಂಬ ಪುಟ್ಟ ಬಾಗಿಲುಗಳು, ಒಂದೊಂದರ ಹಿಂದೆ ಒಂದು ಚಿತ್ರ; ಹಬ್ಬದ ಮುನ್ನಾದಿನದವರೆಗೆ ದಿನಕ್ಕೊಂದೇ ಬಾಗಿಲು ತೆರೆಯಬೇಕು. ಕೊನೆಯದರ ಹಿಂದೆ ಅವಳೇ ಬಿಡಿಸಿದ ಬಾಲಯೇಸು. ಹಬ್ಬಕ್ಕೆ ಮುಂಚೆಯೇ ಅಜ್ಜಿ ಹಾಸಿಗೆ ಹಿಡಿದಳು. ಒಂದು ಸಂಜೆ ಗೋಡೆ ಹಿಡಿದು ಬಂದು ಕೊನೆಯ ಬಾಗಿಲಿಗೆ ಬೆರಳಿಟ್ಟಳು.

"ಒಂದು ಸಲ ಬಾಲಯೇಸುವಿನ ಮುಖ ನೋಡಿಕೊಳ್ಳುತ್ತೇನೆ, ಮಗಾ."

"ಹಬ್ಬದ ಮುನ್ನಾದಿನ ಬನ್ನಿ ಅಜ್ಜಿ. ಅವಸರ ಮಾಡಿದ ಮಕ್ಕಳ ಕೈಗೆ ಪೆಟ್ಟು ಕೊಟ್ಟವರು ನೀವೇ ಅಲ್ಲವೇ?" ಎಂದಿತು ಬಾಗಿಲು.

"ಅಣ್ಣಾ, ಮಕ್ಕಳಿಗೆ ನಾಳೆ ಉಂಟು. ಇವರಿಗೆ?" ಎಂದು ಪಕ್ಕದ ಬಾಗಿಲು ಪಿಸುಗುಟ್ಟಿತು.

ಕೊನೆಯ ಬಾಗಿಲು ಅಲುಗಲಿಲ್ಲ. "ನೀನು ಹೇಳುವುದೂ ಸರಿಯೇ," ಎಂದು ಅದಕ್ಕೆ ಹೇಳಿ ಅಜ್ಜಿ ಕೈ ತೆಗೆದಳು.

ಹಬ್ಬದ ಮುನ್ನಾದಿನ ಆ ಬಾಗಿಲು ತಾನಾಗಿಯೇ ತೆರೆದುಕೊಂಡು ಕಾದಿತು. ಮನೆಯವರೆಲ್ಲ ಅಜ್ಜಿಯ ಸಮಾಧಿಗೆ ಮೇಣದಬತ್ತಿ ಹಚ್ಚಲು ಹೋಗಿದ್ದರು.

ಈ ಕಥೆಯನ್ನು ನಿಮ್ಮವರಿಗೂ ಹೇಳಿ. ಇವತ್ತೇ ಹೇಳಿದರೆ ಒಳ್ಳೆಯದು.