ಬೆಟ್ಟದ ಸೀಮೆಯಿಂದ ಬಾರದ ಕುಡಿಕೆ

“ಗುರುಗಳೇ, ಕುಡಿತ ಬಿಡಿಸುವ ಆರೈಕೆ ಮನೆಗಳಿಗೆ ಸರ್ಕಾರ ಕೊಟ್ಟ ಹಣವನ್ನು ಸೀಮೆ ಸೀಮೆಗೆ ಹಂಚುವ ಕೆಲಸ ನನಗೆ ಬಂದಿದೆ. ಎಲ್ಲಿ ಹೆಚ್ಚು ರೋಗಿಗಳು ಹೆಸರು ಬರೆಸಿದ್ದಾರೋ ಅಲ್ಲಿಗೆ ಹೆಚ್ಚು ಕೊಟ್ಟರೆ ನ್ಯಾಯವಲ್ಲವೇ?” ಎಂದು ಶಿಷ್ಯ ಸೋಮಲಿಂಗ ಕೇಳಿದ.

“ನ್ಯಾಯದ ಮಾತು ಆಮೇಲೆ. ಮೊದಲು ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ನಿನ್ನಂಥವನೇ ಒಬ್ಬ ಮಂತ್ರಿ ಇದ್ದ. ಲಂಚ ಮುಟ್ಟಿದವನಲ್ಲ, ನಂಟರಿಗೆ ಮಣೆ ಹಾಕಿದವನಲ್ಲ. ಕುಡುಕರನ್ನು ಕಂಡು ಮೂಗು ಮುರಿಯುವವನೂ ಅಲ್ಲ. ಹಿಂದಿನವರು ಕಟ್ಟಿಸಿದ್ದ ಆರೈಕೆ ಮನೆಗಳಿಗೆ ರಾಜನನ್ನು ಕಾಡಿ ಬೇಡಿ ಹಣ ತಂದವನು ಅವನೇ. ಆ ಮನೆಗಳಿಗೆ ಸೇರುವವರು ತಮ್ಮ ಹೆಂಡದ ಕುಡಿಕೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುವುದು ಪದ್ಧತಿ. ವರ್ಷದ ಕೊನೆಗೆ ಮಂತ್ರಿ ಆ ಕುಡಿಕೆಗಳನ್ನು ತರಿಸಿ ಎಣಿಸುತ್ತಿದ್ದ. ಹೆಚ್ಚು ಕುಡಿಕೆ ಬಂದ ಸೀಮೆಗೆ ಹೆಚ್ಚು ಹಣ.

ಬಯಲಿನ ಸೀಮೆಯಿಂದ ಕುಡಿಕೆಗಳು ಗಾಡಿಗಟ್ಟಲೆ ಬರುತ್ತಿದ್ದವು. ಬೆಟ್ಟದ ಸೀಮೆಯಿಂದ ಒಂದೂ ಬರುತ್ತಿರಲಿಲ್ಲ. ಅಲ್ಲಿಯವರು ಪುಣ್ಯವಂತರು, ಕುಡಿಯುವುದೇ ಇಲ್ಲ ಎಂದು ಮಂತ್ರಿ ಹಿಗ್ಗುತ್ತಿದ್ದ. ಪಾಪ, ಅಷ್ಟು ಒಳ್ಳೆಯವನಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಬೆಟ್ಟದ ಸೀಮೆಯ ಹೆಂಗಸೊಬ್ಬಳು, ಗಡಗಡ ನಡುಗುತ್ತಿದ್ದ ಮಗನ ತೋಳು ಹಿಡಿದುಕೊಂಡು ರಾಜಧಾನಿಯ ಆರೈಕೆ ಮನೆಗೆ ಬಂದಳು. ಮಂತ್ರಿ ಅಲ್ಲೇ ಇದ್ದ.

“ನಿಮ್ಮ ಕಡೆ ಕುಡಿಯುವವರೇ ಇಲ್ಲವಲ್ಲಮ್ಮ! ಇಷ್ಟು ವರ್ಷದಲ್ಲಿ ಒಂದು ಕುಡಿಕೆಯೂ ಬಂದಿಲ್ಲ,” ಎಂದ.

“ನಮ್ಮ ಕಡೆ ಇಂಥ ಮನೆನೇ ಇಲ್ಲ ಬುದ್ಧಿ, ಕುಡಿಕೆ ಎಲ್ಲಿ ಬಿಡೋದು? ಇಲ್ಲಿಗೆ ಆರು ದಿನದ ದಾರಿ. ಹೋದ ವರ್ಷ ದೊಡ್ಡವನನ್ನ ಹೀಗೇ ಕರ್ಕೊಂಡು ಹೊರಟಿದ್ದೆ. ನಾಕನೇ ದಿನ ನನ್ನ ತೊಡೆ ಮೇಲೇ ಜೀವ ಬಿಟ್ಟ. ಇವನನ್ನಾದ್ರೂ ಉಳಿಸಿಕೊಡಿ.”

ಮಂತ್ರಿ ಅವಳ ಮಗನ ಇನ್ನೊಂದು ತೋಳನ್ನು ತಾನೇ ಹಿಡಿದು ಒಳಗೆ ಕರೆದುಕೊಂಡು ಹೋದ. ತಿಂಗಳೊಪ್ಪತ್ತು ಆರೈಕೆಯಾಯಿತು. ಅವನು ಉಳಿದುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ನಿಟ್ಟುಸಿರು ಬಿಟ್ಟು, “ಸದ್ಯ, ಬೆಟ್ಟದ ಸೀಮೆಯ ಲೆಕ್ಕಕ್ಕೆ ಒಬ್ಬನಾದರೂ ಬಂದನಲ್ಲ,” ಎಂದ.

“ಬಂದ, ಸರಿ. ಆದರೆ ದಾರಿಯಲ್ಲೇ ಸತ್ತ ದೊಡ್ಡವನನ್ನು ನೀನು ಯಾವ ಸೀಮೆಯ ಲೆಕ್ಕಕ್ಕೆ ಬರೆಯುತ್ತೀಯಪ್ಪ?” ಎಂದರು ಗುರುಗಳು.