ಅರ್ಧ ಬೆಳಕಿನ ಯಂತ್ರ

"ಗುರುಗಳೇ, ಧ್ಯಾನಕ್ಕೆ ಕುಳಿತರೆ ಊರು ನೆನಪಾಗುತ್ತದೆ. ಅವ್ವ ನೆನಪಾಗುತ್ತಾಳೆ. ಈ ಮನಸ್ಸು ಅಲುಗದೆ ನಿಲ್ಲುವುದು ಯಾವಾಗ?" ಎಂದು ಶಿಷ್ಯ ಕೇಳಿದ.

"ಮಠಕ್ಕೆ ಬಂದು ಇನ್ನೂ ಚಾಪೆ ಬಿಸಿಯಾಗಿಲ್ಲ, ಅವಸರ ನೋಡು ಇವನಿಗೆ!" ಎಂದು ಗುರುಗಳು ಗದರಿದರು. "ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಅವನು ಹುಟ್ಟಿದ ಹಳ್ಳಿಯಲ್ಲಿ ಆಗಾಗ ಭೂಮಿ ನಡುಗುತ್ತಿತ್ತು. ದೊಡ್ಡದೇನಲ್ಲ, ಗೂಡಿನಲ್ಲಿಟ್ಟ ತಟ್ಟೆ ಲೋಟ ಗಲಗಲ ಎನ್ನುವಷ್ಟು. ಅವನು ಚಿಕ್ಕವನಿದ್ದಾಗ ಅಂಥ ಹೊತ್ತಿನಲ್ಲಿ ಅಕ್ಕ ಅವನನ್ನು ಎತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದಳು. ನೆಲ ಸುಮ್ಮನಾದ ಮೇಲೂ ಕೆಳಗಿಳಿಸುತ್ತಿರಲಿಲ್ಲ. ಆ ಸುಖವನ್ನು ಅವನು ಮರೆಯಲಿಲ್ಲ. ಎಲ್ಲಿ ಮರೆತಾನು!

ಮುಂದೆ ಅವನು ದೂರದ ಪಟ್ಟಣದಲ್ಲಿ ಅಂಗಡಿ ಹಾಕಿದ. ಅಕ್ಕ ಅದೇ ಹಳ್ಳಿಯಲ್ಲಿ ಸಂಸಾರ ಹೂಡಿದಳು. ಊರು ನಡುಗಿದರೆ ತನಗೆ ಇಲ್ಲಿ ತಿಳಿಯಬೇಕೆಂದು ಅವನು ಕೈಯಾರೆ ಒಂದು ಭೂಕಂಪ ಮಾಪಕ ಕಟ್ಟಿದ. ಭಾರದ ಗುಂಡೊಂದನ್ನು ತೂಗುಬಿಟ್ಟು ಅದಕ್ಕೆ ಪೆನ್ನು ಕಟ್ಟಿದ. ಪೆನ್ನು ಕಾಗದಕ್ಕೆ ಉಜ್ಜಿ, ಸಣ್ಣ ನಡುಕವೆಲ್ಲ ಅಲ್ಲೇ ಸತ್ತುಹೋಯಿತು. ಆಗ ಪೆನ್ನು ಬಿಚ್ಚಿ, ಗುಂಡಿಗೆ ಒಂದು ಬ್ಲೇಡು ಅಂಟಿಸಿದ. ಬ್ಲೇಡಿನ ಒಂದು ಪಕ್ಕ ಸಣ್ಣ ದೀಪ, ಇನ್ನೊಂದು ಪಕ್ಕ ಬೆಳಕನ್ನು ಅಳೆಯುವ ಕಣ್ಣು. ಬ್ಲೇಡು ಅರ್ಧ ಬೆಳಕನ್ನು ಮರೆಮಾಡಿ ನಿಲ್ಲಬೇಕು. ಕೂದಲೆಳೆಯಷ್ಟು ಅಲುಗಿದರೂ ಕಣ್ಣಿಗೆ ಬೀಳುವ ಬೆಳಕು ಹೆಚ್ಚೋ ಕಡಿಮೆಯೋ ಆಗುತ್ತದೆ. ಬೆಳಕು ಯಾವುದನ್ನೂ ಉಜ್ಜುವುದಿಲ್ಲ ನೋಡು. ಆ ಹೆಚ್ಚುಕಡಿಮೆಯನ್ನು ಯಂತ್ರ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು.

ಊರಿನ ನಡುಕದ ಗೆರೆ ಅವನಿಗೆ ಗುರುತಿತ್ತು. ಅದು ಕಂಡರೆ ಸಾಕು, ಅಕ್ಕನಿಗೆ ಫೋನು. "ಅಕ್ಕಾ, ಅಂಗಳಕ್ಕ ಬಂದ್ಯಾ?" ಅವಳು ನಗುತ್ತಿದ್ದಳು. ವರ್ಷಾನುಗಟ್ಟಲೆ ಹೀಗೇ ನಡೆಯಿತು. ಎಷ್ಟು ಚೆಂದದ ಕಾಲ ಅದು!

ಆದರೆ ಬೀದಿಯಲ್ಲಿ ಲಾರಿ ಹೋದರೂ ಗೆರೆ ಕುಣಿಯುತ್ತಿತ್ತು. ಅಂಗಡಿಗೆ ಬಂದವರು, ನಿನ್ನ ಯಂತ್ರಕ್ಕೆ ಚಳಿಜ್ವರವೇನಪ್ಪ ಎಂದು ಆಡಿಕೊಂಡರು. ಅವನಿಗೆ ರೋಸಿಹೋಯಿತು. ಬ್ಲೇಡನ್ನು ಪೂರ್ತಿ ಪಕ್ಕಕ್ಕೆ ಸರಿಸಿ, ಕಣ್ಣಿಗೆ ಇಡೀ ಬೆಳಕು ಬೀಳುವಂತೆ ಮಾಡಿದ. ಇನ್ನು ಬ್ಲೇಡು ಅಲುಗಿದರೂ ಬೆಳಕಿಗೆ ಅಡ್ಡ ಬರುವಂತಿರಲಿಲ್ಲ. ಗೆರೆ ನೆಟ್ಟಗಾಯಿತು. ಆಹಾ, ಎಂಥ ಶಾಂತಿ! ಬಂದವರನ್ನೆಲ್ಲ ಕರೆದು ತೋರಿಸಿದ, ಪುಣ್ಯಾತ್ಮ.

ಒಂದು ಬೆಳಿಗ್ಗೆ ಅಕ್ಕನೇ ಫೋನು ಮಾಡಿದಳು.

"ತಮ್ಮಾ, ಆರಾಮ ಅದಿಯೇನೋ? ನಿನ್ನೆ ಇಡೀ ದಿನ ನೆಲ ನಡುಗ್ತು. ಹಿತ್ತಲ ಗೋಡಿ ಬಿತ್ತು. ಅದು ಹೋಗ್ಲಿ ಬಿಡು. ನಿನ್ನ ಫೋನ್ ಬರಲಿಲ್ಲ. ನಿನಗೇ ಏನರ ಆತೇನೋ ಅಂತ ಜೀವ ಕೈಯಾಗ ಹಿಡ್ಕೊಂಡು ಕುಂತೀನಿ."

ಅವನು ಯಂತ್ರದತ್ತ ನೋಡಿದ. ನಿನ್ನೆಯ ಗೆರೆ ಒಂದಿಷ್ಟೂ ಅಲುಗಿರಲಿಲ್ಲ. ಫೋನು ಹಿಡಿದೇ ಅವನು ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ನಿನಗೂ ಬೇಕೇನಪ್ಪ, ಅಂಥ ನೆಟ್ಟಗಿನ ಗೆರೆ?"